ಭಾನುವಾರದ ಮೀನು

ನಮ್ಮ ಮಾವ ಆ ಮನೆಯಲ್ಲಿ ಬೈಯದೇ ಬಿಟ್ಟದ್ದು ಒಂದೇ ಒಂದು, ಅತ್ತೆಯ ಕೈಯಡುಗೆ. ಮಾತು ಜಾಸ್ತಿ ಎಂದು ನನ್ನನ್ನು, ಬಸ್ಸು ಓಡಿಸಿ ಬಂದು ಅಂಗಿ ಬಿಚ್ಚದೆ ಮಲಗುತ್ತಾರೆಂದು ನಮ್ಮವರನ್ನು, ಸೋರುತ್ತದೆಂದು ನಲ್ಲಿಯನ್ನು, ಎಲ್ಲರನ್ನೂ ಎಲ್ಲವನ್ನೂ ಬೈಯುತ್ತಿದ್ದರು. ತಟ್ಟೆಯ ಮುಂದೆ ಕೂತರೆ ಮಾತ್ರ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಆ ನೆಮ್ಮದಿಯೂ ಹೋದದ್ದು ಒಂದು ಸೋಮವಾರ ಸಂಜೆ.

ಮಿಲ್ಲಿನಿಂದ ಬಂದವರು ಬಾಗಿಲ ಮೆಟ್ಟಿಲ ಮೇಲೇ ಕೂತರು. ಚಪ್ಪಲಿ ಬಿಚ್ಚಲಿಲ್ಲ. ಹುಬ್ಬಿನ ಮೇಲೆ, ಕಿವಿಯ ಕೂದಲ ಮೇಲೆ ಎಂದಿನಂತೆ ಹತ್ತಿಯ ನವಿರು ಕೂತಿತ್ತು. ಅಂಗೈಯನ್ನು ಎದೆಯ ಮೇಲೆ ಇಟ್ಟುಕೊಂಡು, "ಇಲ್ಲಿ ಯಾರೋ ಹಗ್ಗ ಹಾಕಿ ಬಿಗಿದ ಹಾಗಿದೆ" ಎಂದರು. ಅತ್ತೆ ನೀರು ತಂದುಕೊಟ್ಟರು. ಅರ್ಧ ಕುಡಿದು ಲೋಟ ಕೆಳಗಿಟ್ಟರು.

"ನಿನ್ನೆ ಮೀನಿಗೆ ಯಾವ ಎಣ್ಣೆ ಹಾಕಿದ್ದೆ?"

"ಯಾವಾಗಲೂ ಹಾಕೋ ಎಣ್ಣೇನೇ. ಯಾಕೆ?"

"ಹೋದ ಸೋಮವಾರಾನೂ ಹೀಗೇ ಆಯ್ತು. ಅದರ ಹಿಂದಿನ ಸೋಮವಾರಾನೂ ಆಯ್ತು. ಮಂಗಳವಾರ ಸ್ವಲ್ಪ ಇಳಿಯತ್ತೆ, ಗುರುವಾರಕ್ಕೆ ಏನೂ ಇರಲ್ಲ. ಭಾನುವಾರ ನಿನ್ನ ಮೀನು ತಿಂತೀನಿ, ಸೋಮವಾರ ಎದೆ ಹಿಡ್ಕೊಳ್ಳತ್ತೆ. ಇದನ್ನ ಹೇಳೋಕೆ ಡಾಕ್ಟರ್ ಬೇಕಾ?"

ಅತ್ತೆ ಲೋಟ ತೆಗೆದುಕೊಂಡು ಒಳಗೆ ಹೋದರು. ಅವರ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ.

ಆ ಮೀನು ಅಂದರೆ ಏನು ಅಂತ ಹೇಳಬೇಕು. ಮಾವ ಇಪ್ಪತ್ತೇಳು ವರ್ಷದಿಂದ ಹತ್ತಿ ಹಿಂಜುವ ವಿಭಾಗದಲ್ಲಿದ್ದವರು. ನಮ್ಮವರದು ದಿನಕ್ಕೊಂದು ಪಾಳಿ. ನಾನು ಬಟ್ಟೆ ಅಂಗಡಿಯವರ ಅಂಗಿಗಳಿಗೆ ಮನೆಯಲ್ಲೇ ಗುಂಡಿ ಹೊಲಿಯುತ್ತಿದ್ದೆ. ಐವರೂ ಒಟ್ಟಿಗೆ ಕೂತು ಉಣ್ಣುತ್ತಿದ್ದದ್ದು ಭಾನುವಾರ ಮಧ್ಯಾಹ್ನ ಮಾತ್ರ. ಅತ್ತೆ ಬೆಳಿಗ್ಗೆ ಆರಕ್ಕೆ ಮಾರುಕಟ್ಟೆಗೆ ಹೋಗಿ, ಕಿವಿರು ಎತ್ತಿ ನೋಡಿ, ಮಾರುವವಳ ಹತ್ತಿರ ಒಂದು ಸುತ್ತು ಜಗಳವಾಡಿ ಮೀನು ತರುತ್ತಿದ್ದರು. ಕಬ್ಬಿಣದ ಬಾಣಲೆಯಲ್ಲಿ ಹುರಿಯುತ್ತಿದ್ದರು. ಮಾವ ಮೊದಲ ತುಂಡನ್ನು ತಾವು ತಿನ್ನದೆ, ಮುಳ್ಳು ಬಿಡಿಸಿ, ಉಫ್ ಉಫ್ ಎಂದು ಊದಿ ಆರಿಸಿ ನನ್ನ ಮಗಳು ಪುಟ್ಟಿಯ ಬಾಯಿಗೆ ಇಡುತ್ತಿದ್ದರು. ಅವಳು ಬಾಯಿ ತೆರೆದುಕೊಂಡೇ ಕಾಯುತ್ತಿದ್ದಳು. ಆ ಮನುಷ್ಯ ಮೆತ್ತಗಾಗುತ್ತಿದ್ದದ್ದು ವಾರಕ್ಕೆ ಆ ಐದು ನಿಮಿಷ.

ಮುಂದಿನ ಭಾನುವಾರ ಅತ್ತೆ ಎಣ್ಣೆಯನ್ನೇ ಮುಟ್ಟಲಿಲ್ಲ. ಮೀನನ್ನು ಬೇಯಿಸಿ ಇಟ್ಟರು. ಸೋಮವಾರ ಮಾವ ಮತ್ತೆ ಎದೆ ಹಿಡಿದುಕೊಂಡು ಬಂದರು. ಅದರ ಮುಂದಿನ ವಾರ ಮೀನೇ ಇಲ್ಲ, ಬರೀ ಬೇಳೆ. ಸೋಮವಾರ ಅದೇ ಕಥೆ. ಆಮೇಲೆ ಅಕ್ಕಿ ಹಳೆಯದು ಎಂದರು. ಭಾನುವಾರ ತಲೆಗೆ ನೀರು ಹಾಕಿಕೊಳ್ಳುವುದೇ ತಪ್ಪು ಎಂದರು. ಮಧ್ಯಾಹ್ನ ಮಲಗುವುದು ತಪ್ಪು, ನಾನು ಗುಂಡಿ ಹೊಲಿಯುವ ಅಂಗಿಗಳ ಗಂಜಿ ವಾಸನೆ ತಪ್ಪು, ಕಿಟಕಿ ತೆರೆದದ್ದು ತಪ್ಪು, ಮುಚ್ಚಿದ್ದೂ ತಪ್ಪು. ತಿರುಗಿ ತಿರುಗಿ ಬಂದು ನಿಲ್ಲುತ್ತಿದ್ದದ್ದು ಅಡುಗೆಮನೆಯ ಬಾಗಿಲಿಗೇ.

"ಮಿಲ್ಲಲ್ಲಿ ಆರು ದಿನ ಇರ್ತೀನಿ, ಚೆನ್ನಾಗಿರ್ತೀನಿ. ಮನೇಲಿ ಒಂದು ದಿನ ಇದ್ರೆ ಕಾಯಿಲೆ. ಮನೇಲೇ ಏನೋ ಇದೆ."

"ಏನಿದೆ? ನಾನಿದೀನಿ" ಎಂದರು ಅತ್ತೆ. "ನೇರವಾಗಿ ಹೇಳಿಬಿಡಿ."

"ನಿನ್ನ ಅಂದ್ನಾ? ಅಡುಗೆ ಅಂದೆ."

"ಎರಡೂ ಒಂದೇ ಕಣ್ರೀ ನನಗೆ."

ನಮ್ಮವರು ತಟ್ಟೆಯಲ್ಲಿ ತಲೆ ಹುದುಗಿಸಿ ಉಣ್ಣುತ್ತಿದ್ದರು. ಇಬ್ಬರ ನಡುವೆ ಸಿಕ್ಕಿಕೊಳ್ಳಬಾರದೆಂದು ಅವರ ಶಪಥ. ಮೂವತ್ತು ಜನರ ಬಸ್ಸನ್ನು ಸಂದಿಗೊಂದಿಯಲ್ಲಿ ತಿರುಗಿಸಬಲ್ಲ ಗಂಡಸಿಗೆ ಅಪ್ಪ ಅಮ್ಮನ ನಡುವೆ ಒಂದು ಮಾತು ಆಡಲು ಆಗುತ್ತಿರಲಿಲ್ಲ.

ಆ ತಿಂಗಳ ಕೊನೆಯಲ್ಲಿ ಮಿಲ್ಲಿನ ದೊಡ್ಡ ಮೋಟಾರು ಸುಟ್ಟುಹೋಗಿ ಮೂರು ದಿನ ಕೆಲಸ ನಿಂತಿತು. ಬುಧವಾರ, ಗುರುವಾರ, ಶುಕ್ರವಾರ ಮಾವ ಮನೆಯಲ್ಲೇ ಇದ್ದರು. ಅತ್ತೆ ಮಾಡಿದ್ದನ್ನೆಲ್ಲ ಉಂಡರು. ಒಂದು ಸಲವೂ ಕೆಮ್ಮಲಿಲ್ಲ. ಪುಟ್ಟಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿಯ ಕೊನೆಯವರೆಗೆ ಹೋಗಿಬಂದರು. ಶನಿವಾರ ಕೆಲಸಕ್ಕೆ ಹೋದರು. ಸಂಜೆ ಗೋಡೆ ಹಿಡಿದುಕೊಂಡು ಮನೆಗೆ ಬಂದರು.

ನನಗೆ ಮೊದಲೇ ಬಾಯಿ ತಡೆಯುವುದಿಲ್ಲ. "ಮಾವ, ಇವತ್ತು ಶನಿವಾರ" ಎಂದೆ.

"ಗೊತ್ತು."

"ಮೀನಿಲ್ಲ, ಭಾನುವಾರ ಇಲ್ಲ. ಮೂರು ದಿನ ಮನೇಲಿ ಉಂಡ್ರಿ, ಏನೂ ಆಗ್ಲಿಲ್ಲ. ಮಿಲ್ಲಿಗೆ ಹೋದ ಸಂಜೆ ಹೀಗಾಯ್ತು. ಹಾಗಾದ್ರೆ ಇರೋದು ಎಲ್ಲಿ?"

ಅವರು ನನ್ನನ್ನು ನೋಡಿದರು. ಒಂದು ಕ್ಷಣ ಆ ಮಾತು ಅವರ ತಲೆಯೊಳಗೆ ಹೋಯಿತೆಂದು ನನಗೆ ಈಗಲೂ ಅನ್ನಿಸುತ್ತದೆ. ಆದರೆ ಅದನ್ನು ಒಪ್ಪಿದರೆ ಇಪ್ಪತ್ತೇಳು ವರ್ಷ ಅನ್ನ ಕೊಟ್ಟ ಜಾಗವನ್ನು ಬೈಯಬೇಕಾಗಿತ್ತು. ಅಲ್ಲಿಯದು ಬಿಟ್ಟರೆ ಅವರಿಗೆ ಬೇರೆ ಕೆಲಸ ಬರುತ್ತಿರಲಿಲ್ಲ.

"ಮೂರು ದಿನದ ಊಟ ಒಟ್ಟಿಗೆ ಸೇರಿ ಹೀಗಾಗಿದೆ ಕಣಮ್ಮ" ಎಂದರು.

ನಾನು ನಕ್ಕುಬಿಟ್ಟೆ. ಅತ್ತೆ ನಗಲಿಲ್ಲ. ಒಳಗಿನಿಂದ ಬಂದು ಸೊಂಟಕ್ಕೆ ಕೈ ಕೊಟ್ಟು ನಿಂತರು. "ಹಾಗಾದ್ರೆ ಭಾನುವಾರಾನೂ ಅಲ್ಲೇ ಹೋಗಿ ಬಿದ್ದಿರಿ. ನಮ್ಮ ಮನೆ ಅನ್ನದ ಹಂಗೇ ಬೇಡ."

"ಆಯ್ತು, ಹಾಗೇ ಮಾಡ್ತೀನಿ" ಎಂದರು ಮಾವ.

ಸಿಟ್ಟಿನಲ್ಲಿ ಆಡಿದ ಮಾತನ್ನು ಯಾರು ತಾನೇ ಲೆಕ್ಕಕ್ಕೆ ಹಿಡಿಯುತ್ತಾರೆ? ನಮ್ಮ ಮಾವ ಹಿಡಿದರು. ಮೇಸ್ತ್ರಿಯ ಹತ್ತಿರ ಹೋಗಿ ಭಾನುವಾರದ ಕೆಲಸ ಕೇಳಿದರು. ಭಾನುವಾರ ಮಿಲ್ಲು ನಿಂತಿರುತ್ತದೆ, ಆಗ ಐದಾರು ಜನ ಯಂತ್ರಗಳ ಹೊಟ್ಟೆ ಬಿಚ್ಚಿ, ವಾರವೆಲ್ಲ ಒಳಗೆ ಕೂತ ಧೂಳನ್ನು ಬ್ರಷ್ಷಿನಿಂದ ಕೆರೆದು, ಗಾಳಿಯ ಪೈಪಿನಿಂದ ಊದಿ ತೆಗೆಯುತ್ತಾರೆ. ಹತ್ತಿಯ ಜೊತೆ ಮೂಟೆಯಲ್ಲಿ ಬಂದ ಒಣ ಎಲೆ, ಕಾಯಿಯ ಸಿಪ್ಪೆ, ಕಡ್ಡಿ, ಎಲ್ಲ ಪುಡಿಯಾಗಿ ಅಲ್ಲಿ ಕೂತಿರುತ್ತದೆ. ಆ ಕೆಲಸ ಕೇಳಿಕೊಂಡು ಹೋದವರು ಅದುವರೆಗೆ ಯಾರೂ ಇರಲಿಲ್ಲವಂತೆ. ಮೇಸ್ತ್ರಿ ಬೆನ್ನು ತಟ್ಟಿ ಕಳಿಸಿದ.

ಮೊದಲ ಭಾನುವಾರ ಮಧ್ಯಾಹ್ನ ಪುಟ್ಟಿ, "ತಾತ ಎಲ್ಲಿ?" ಎಂದಳು. "ಅವರಿಗೆ ರಜ ಬೇಡ್ವಂತೆ" ಎಂದರು ಅತ್ತೆ. ಅನ್ನ, ಬೇಳೆ ಬಡಿಸಿದರು. ಬಾಣಲೆ ಒಲೆಗೆ ಏರಲಿಲ್ಲ.

ಸೋಮವಾರ ಸಂಜೆ ಮಾವ ಎದೆಯುಬ್ಬಿಸಿ ಮನೆಗೆ ಬಂದರು. "ನೋಡು" ಎಂದು ಬಾಗಿಲಲ್ಲೇ ನಿಂತು ಉಸಿರೆಳೆದು ತೋರಿಸಿದರು. "ಏನಾದ್ರೂ ಇದೆಯಾ?" ಏನೂ ಇರಲಿಲ್ಲ. ಅದರ ಮುಂದಿನ ಸೋಮವಾರವೂ ಇರಲಿಲ್ಲ. ನಾನು ಪೆಚ್ಚಾಗಿಹೋದೆ. ನನ್ನ ಲೆಕ್ಕ ಹೇಗೆ ತಪ್ಪಿತೆಂದು ತಿಳಿಯಲಿಲ್ಲ. ಅತ್ತೆ ಮರುದಿನ ಸ್ಟೂಲು ಹಾಕಿ ಹತ್ತಿ, ಬಾಣಲೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟರು.

"ನಾನು ಇಷ್ಟು ವರ್ಷ ಅವರಿಗೆ ವಿಷ ಹಾಕಿದೀನಿ ಅಂತಾಯ್ತಲ್ಲ" ಎಂದು ನನ್ನೊಬ್ಬಳ ಹತ್ತಿರ ಹೇಳಿದರು. ಸ್ಟೂಲು ಹಿಡಿದುಕೊಂಡಿದ್ದ ನಾನು ಸಮಾಧಾನ ಹೇಳಬೇಕಿತ್ತು, ಹೇಳಲಿಲ್ಲ.

ಐದು ತಿಂಗಳು ಹೀಗೇ ನಡೆಯಿತು. ಮಾವನಿಗೆ ಒಂದು ದಿನವೂ ರಜೆಯಿಲ್ಲ. ಪಕ್ಕದ ಮನೆಯಲ್ಲಿ ಕುಳ್ಳಣ್ಣ ಎಂದು ಎಲ್ಲರೂ ಕರೆಯುವ ಒಬ್ಬರಿದ್ದರು, ಮಾವನ ಪಕ್ಕದ ಯಂತ್ರದವರೇ. ಪ್ರತಿ ಸೋಮವಾರ ಅವರು ಬೀದಿಗೆಲ್ಲ ಕೇಳುವ ಹಾಗೆ ಕೆಮ್ಮುತ್ತಿದ್ದರು. ಮಾವನಿಗೆ ಅದು ತಮಾಷೆ. "ಏನ್ ಕುಳ್ಳ, ಶುರುವಾಯ್ತಾ ಸೋಮವಾರದ ನಾಟಕ? ನನ್ನ ಹಾಗೆ ಭಾನುವಾರ ಬಾ, ಎಲ್ಲ ಸರಿಹೋಗತ್ತೆ."

"ನೀವು ಉಕ್ಕಿನ ಮನುಷ್ಯ, ನಮ್ಮ ಕೈಲಾಗಲ್ಲಪ್ಪ" ಎನ್ನುತ್ತಿದ್ದರು ಕುಳ್ಳಣ್ಣ.

ಆದರೆ ಉಕ್ಕಿನ ಮನುಷ್ಯ ನಲ್ಲಿಯಿಂದ ಎರಡು ಕೊಡ ತರುತ್ತಿದ್ದವರು ಒಂದು ತರತೊಡಗಿದ್ದರು. ಪುಟ್ಟಿ ಹೆಗಲಿಗೆ ಹತ್ತಲು ಬಂದರೆ, "ನೀನು ದೊಡ್ಡವಳಾದೆ, ನಡಿ" ಎನ್ನುತ್ತಿದ್ದರು. ನಾವು ವಯಸ್ಸಾಯಿತು ಎಂದುಕೊಂಡೆವು. ಕೇಳಿದರೆ ಅವರೂ ಅದನ್ನೇ ಹೇಳುತ್ತಿದ್ದರು.

ಆಗ ಆರೋಗ್ಯ ಇಲಾಖೆಯವರು ಮಿಲ್ಲಿಗೆ ಬರುತ್ತಾರೆಂದು ಸುದ್ದಿಯಾಯಿತು. ಎದೆ ಕೆಟ್ಟವರನ್ನು ಧೂಳಿನ ವಿಭಾಗದಿಂದ ತೆಗೆದು ಬಟ್ಟೆ ಮಡಿಸುವ ವಿಭಾಗಕ್ಕೆ ಹಾಕುತ್ತಾರಂತೆ, ಸಂಬಳ ಕಡಿಮೆ ಮಾಡುವುದಿಲ್ಲವಂತೆ. ಮೊದಲು ಒಂದು ಫಾರಂ ಕೊಟ್ಟರು, ಮನೆಯಲ್ಲಿ ತುಂಬಿಸಿಕೊಂಡು ಬನ್ನಿ ಎಂದು. ಮಾವ ಓದುತ್ತಿದ್ದರು, ಬರವಣಿಗೆ ಅಷ್ಟಕ್ಕಷ್ಟೆ. ಹಾಗಾಗಿ ಬರೆಯಲು ಕೂತವಳು ನಾನು. ಊಟವಾದ ಮೇಲೆ ತಟ್ಟೆಗಳನ್ನು ಸರಿಸಿ ಅಲ್ಲೇ ಕೂತೆವು.

ಐದನೇ ಪ್ರಶ್ನೆ ಇದು: ವಾರದ ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಎದೆ ಬಿಗಿಯುತ್ತದೆಯೇ?

ನಾನು ಪೆನ್ನು ನಿಲ್ಲಿಸಿದೆ. "ಮಾವ, ಇದು ನಿಮ್ಮ ಸೋಮವಾರದ್ದೇ ಕೇಳ್ತಿದಾರೆ."

"ಇಲ್ಲ ಅಂತ ಬರಿ."

"ಮೊದಲು ಇತ್ತಲ್ಲ?"

"ಈಗ ಇದೆಯಾ ಅಂತ ತಾನೇ ಕೇಳಿರೋದು? ಈಗ ಇಲ್ಲ. ಇದೆ ಅಂತ ಬರೆದು ನಾಳೆ ಎಲ್ಲರೆದುರು ನಾನೂ ಕುಳ್ಳನ ಹಾಗೆ ಆಗ್ಬೇಕಾ?"

"ಮೊದಲು ಇತ್ತು ಅಂತ ಪಕ್ಕದಲ್ಲಿ ಸಣ್ಣದಾಗಿ..."

"ಬರಿ ಬರಿ" ಎಂದರು ಅತ್ತೆ, ತಟ್ಟೆ ಎತ್ತುತ್ತ. "ಹೆಂಡತಿ ಮಾಡಿದ ಮೀನು ಬಿಟ್ಟ ಮೇಲೆ ವಾಸಿ ಆಯ್ತು ಅಂತಾನೂ ಬರಿ. ಸರ್ಕಾರಕ್ಕೂ ಗೊತ್ತಾಗ್ಲಿ."

ಇನ್ನು ಆ ಮಾತು ಮುಂದುವರಿದರೆ ಮನೆ ರಣರಂಗವಾಗುತ್ತದೆಂದು ನನಗೆ ಗೊತ್ತಿತ್ತು. ಮಾತು ಜಾಸ್ತಿ ಎಂದು ಹೆಸರು ತೆಗೆದುಕೊಂಡವಳು ಆಡಲೇಬೇಕಾದ ದಿನ ಬಾಯಿ ಮುಚ್ಚಿಕೊಂಡೆ. 'ಇಲ್ಲ' ಎಂದು ನನ್ನ ಕೈಯಾರೆ ಬರೆದೆ. ಚೆಂದವಾಗಿ, ದುಂಡಗೆ ಬರೆದೆ.

ಸೋಮವಾರ ಪರೀಕ್ಷೆಯಾಯಿತು. ಕೆಲಸ ಶುರುವಾಗುವ ಮುಂಚೆ ಒಂದು ಕೊಳವೆಗೆ ಜೋರಾಗಿ ಊದಿಸಿದರು. ಕೆಲಸ ಮುಗಿದ ಮೇಲೆ ಮತ್ತೆ ಊದಿಸಿದರು. ಮಾವ ಖುಷಿಯಾಗಿ ಬಂದರು. "ಬೆಳಿಗ್ಗೆ ಊದಿದ್ದೂ ಸಂಜೆ ಊದಿದ್ದೂ ನಂದು ಹೆಚ್ಚುಕಡಿಮೆ ಒಂದೇ. ಕುಳ್ಳನದು ಬೆಳಿಗ್ಗೆಗೂ ಸಂಜೆಗೂ ಅಜಗಜಾಂತರ. ಮುಖ ನೋಡ್ಬೇಕಿತ್ತು."

ಎರಡು ವಾರಕ್ಕೆ ಪಟ್ಟಿ ಬಂತು. ಹನ್ನೊಂದು ಜನ ಬಟ್ಟೆ ಮಡಿಸುವ ವಿಭಾಗಕ್ಕೆ ಹೋದರು. ಅದರಲ್ಲಿ ಕುಳ್ಳಣ್ಣನೂ ಇದ್ದರು. ಮಾವನನ್ನು ಅಲ್ಲೇ ಬಿಟ್ಟರು. ಹೋದವರ ಕೆಲಸವೂ ಇವರ ಪಾಲಿಗೆ ಬಂತು.

ಪರೀಕ್ಷೆ ಮಾಡಿದ ಹುಡುಗಿ ಒಂದು ಬೆಳಿಗ್ಗೆ ನಮ್ಮ ಬೀದಿಗೆ ಬಂದಳು, ಕುಳ್ಳಣ್ಣನ ಎದೆ ಹೇಗಿದೆ ಎಂದು ವಿಚಾರಿಸಲು. ನಾನು ನಲ್ಲಿಯ ಹತ್ತಿರ ಇದ್ದೆ. ಮಾತಿಗೆ ಮಾತು ಬಂದು ಮಾವನ ವಿಷಯ ಹೇಳಿದೆ, ಮೀನಿನ ಕಥೆಯನ್ನೂ ಸೇರಿಸಿ. ನಗುತ್ತಾಳೆಂದುಕೊಂಡಿದ್ದೆ. ಅವಳು ಕೈಯಲ್ಲಿದ್ದ ಚೀಲವನ್ನು ಕಟ್ಟೆಯ ಮೇಲೆ ಇಟ್ಟಳು.

"ಭಾನುವಾರಾನೂ ಕೆಲಸ ಮಾಡ್ತಿದ್ರಾ? ಅದನ್ನ ಯಾಕೆ ಬರೀಲಿಲ್ಲ?"

"ಕೇಳಿರಲಿಲ್ಲ."

ಅವಳು ಚೀಲದ ಪಕ್ಕದಲ್ಲಿ ತಾನೂ ಕೂತಳು. ಆಮೇಲೆ ಬಿಡಿಸಿ ಹೇಳಿದಳು. "ದೋಷ ಬಿಳಿ ಹತ್ತೀದಲ್ಲ ಅಕ್ಕ. ಅದರ ಜೊತೆ ಬರೋ ಎಲೆ, ಸಿಪ್ಪೆ, ಅದರಲ್ಲಿ ಬೆಳೆಯೋ ಕಣ್ಣಿಗೆ ಕಾಣದ ಕ್ರಿಮಿ, ಅದರದ್ದು. ಆ ಪುಡಿ ಒಳಗೆ ಹೋದ್ರೆ ಉಸಿರಿನ ಕೊಳವೆಗಳು ಬಿಗಿದುಕೊಳ್ತವೆ. ದಿನಾ ಅದರಲ್ಲೇ ಇದ್ರೆ ಎದೆ ಒಗ್ಗಿಕೊಂಡು ಸುಮ್ಮನಾಗತ್ತೆ, ವಾಸಿ ಆಗಿರಲ್ಲ. ಒಂದೆರಡು ದಿನ ಬಿಟ್ಟು ಹೋದ್ರೆ ಮತ್ತೆ ಹಿಡ್ಕೊಳ್ಳತ್ತೆ. ಅದಕ್ಕೇ ಸೋಮವಾರ. ಆ ಸೋಮವಾರದ ಕಾಟ ಒಂದೇ ನಮಗೆ ಸಿಗೋ ಗುರುತು. ನಿಮ್ಮ ಮಾವ ರಜ ಬಿಟ್ಟು ಆ ಗುರುತನ್ನೇ ಅಳಿಸಿಬಿಟ್ಟಿದಾರೆ."

"ಊದಿದ್ದು ಒಂದೇ ಬಂತು ಅಂದ್ರು?"

"ಒಂದೇ ಬಂತು. ಎರಡು ಸಲಾನೂ ಕಡಿಮೆ ಬಂತು. ನಾವು ವ್ಯತ್ಯಾಸ ಮಾತ್ರ ನೋಡಿದ್ವಿ" ಎಂದಳು. ತಪ್ಪು ತನ್ನದೂ ಇದೆ ಎನ್ನುವ ಹಾಗೆ ತಲೆ ತಗ್ಗಿಸಿದಳು. ಮತ್ತೆ ಪರೀಕ್ಷೆ ಮುಂದಿನ ವರ್ಷವಂತೆ. ಅದಕ್ಕೂ ಮುಂಚೆ ಏನಾದರೂ ಆಗುತ್ತದೆಯೇ ಎಂದು ಬರೆದು ಕೇಳುತ್ತೇನೆಂದಳು.

ಕೊಡ ಅಲ್ಲೇ ಬಿಟ್ಟು ಮನೆಗೆ ಓಡಿದೆ. ಅತ್ತೆ ಸೊಪ್ಪು ಬಿಡಿಸುತ್ತಿದ್ದರು. ಎಲ್ಲ ಹೇಳಿದೆ. ಮೀನಿನದು ತಪ್ಪಿಲ್ಲ ಅತ್ತೆ, ಯಾವತ್ತೂ ಇರಲಿಲ್ಲ ಎಂದೆ. ಅವರಿಗೆ ಸಂತೋಷವಾಗುತ್ತದೆಂದು ನಾನು ತಿಳಿದದ್ದು ಎಂಥ ಬುದ್ಧಿಗೇಡಿತನ. ಕೈಯಲ್ಲಿದ್ದ ಸೊಪ್ಪಿನ ಕಡ್ಡಿಯನ್ನು ಮುರಿದು ಮುರಿದು ಚೂರು ಮಾಡಿದರು.

"ಹೋಗಿ ಬಿದ್ದಿರಿ ಅಂದವಳು ನಾನೇ ಅಲ್ವೇನೇ" ಎಂದರು.

ಸಂಜೆ ಮಾವನಿಗೆ ಹೇಳಿದವರು ನಮ್ಮವರು. ಮೊದಲ ಸಲ ನಡುವೆ ಬಂದರು. "ಅಪ್ಪ, ಇನ್ಮೇಲೆ ಭಾನುವಾರ ಹೋಗ್ಬೇಡ. ಆ ವಿಭಾಗಾನೇ ಬಿಡಿಸ್ಕೋ."

"ನಿನ್ನೆ ಮೊನ್ನೆ ಬಂದ ಹುಡುಗಿ ಹೇಳಿದ್ಲು ಅಂತ..."

"ನಿನಗೆ ಮೂರು ಮೆಟ್ಟಿಲು ಹತ್ತೋಕಾಗ್ತಿಲ್ಲಪ್ಪ. ಅದನ್ನ ಯಾವ ಹುಡುಗೀನೂ ಹೇಳ್ಬೇಕಾಗಿಲ್ಲ."

ಮಾವ ಅತ್ತೆಯ ಕಡೆ ನೋಡಿದರು, ಅತ್ತೆ ಗೋಡೆ ನೋಡುತ್ತಿದ್ದರು. ಮರುದಿನ ಅವರೇ ಮೇಸ್ತ್ರಿಯ ಹತ್ತಿರ ಹೋದರು. ಮೇಸ್ತ್ರಿ ಆ ಫಾರಂ ತೆಗೆದು ತೋರಿಸಿದನಂತೆ. "ನೀನೇ ಇಲ್ಲ ಅಂತ ಬರೆದಿದ್ದೀಯಲ್ಲಪ್ಪ. ಪಟ್ಟಿ ಮುಗೀತು, ಅಲ್ಲಿ ಈಗ ಜಾಗ ಇಲ್ಲ." ಬರೆದದ್ದು ನಾನು ಎಂದು ಮಾವ ಅಲ್ಲಿಯೂ ಹೇಳಲಿಲ್ಲ, ಮನೆಗೆ ಬಂದು ನನ್ನನ್ನೂ ಅನ್ನಲಿಲ್ಲ. ಎಲ್ಲವನ್ನೂ ಬೈಯುವ ಮನುಷ್ಯ ಅದೊಂದಕ್ಕೆ ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆ ಹುಡುಗಿ ಬರೆದು ಕೇಳಿದ್ದಕ್ಕೆ, ಮತ್ತೆ ಪರೀಕ್ಷೆ ಮಾಡೋಣ ಎಂದು ಉತ್ತರ ಬಂದದ್ದು ಏಳು ವಾರಕ್ಕೆ. ಮಾವ ಭಾನುವಾರದ ಕೆಲಸ ಬಿಟ್ಟರೂ ಆ ಧೂಳಿನಲ್ಲೇ ಇದ್ದರು. ಅಷ್ಟರಲ್ಲಿ ಒಂದು ಮಧ್ಯಾಹ್ನ ಇಬ್ಬರು ಮಾವನನ್ನು ಹೆಗಲು ಕೊಟ್ಟು ಕರೆದುಕೊಂಡು ಬಂದರು. ಒಬ್ಬರು ಕುಳ್ಳಣ್ಣ. ಬಾಗಿಲಲ್ಲಿ ನಿಂತು ಅಳುತ್ತಿದ್ದರು ಆ ಮನುಷ್ಯ. ಆಸ್ಪತ್ರೆಯಲ್ಲಿ ಹತ್ತು ದಿನ ಇಟ್ಟುಕೊಂಡರು. ಇನ್ನು ಕೆಲಸವಿಲ್ಲ, ಮನೆಯಲ್ಲಿರಲಿ, ಹೋದ ಉಸಿರು ಪೂರ್ತಿ ತಿರುಗಿ ಬರುವುದಿಲ್ಲ ಎಂದು ಹೇಳಿ ಕಳಿಸಿದರು.

ಮನೆಗೆ ಬಂದ ಮೊದಲ ಭಾನುವಾರ ಅವರೇ ಕೇಳಿದರು. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಉಸಿರು ಹುಡುಕುತ್ತಿದ್ದರು. "ಮೀನು... ಹುರೀತೀಯಾ?"

"ನನ್ನ ಕೈಯಡುಗೆ ಆಗಲ್ಲ ಅಂದಿದ್ರಲ್ಲ" ಎಂದರು ಅತ್ತೆ.

"ಅಂದೆ." ಸ್ವಲ್ಪ ಹೊತ್ತು ಸುಧಾರಿಸಿಕೊಂಡರು. "ಕತ್ತೆ ನಾನು."

ಅತ್ತೆ ಹಾಗೇ ಎದ್ದರು. ಮಾರುಕಟ್ಟೆಯಲ್ಲಿ ಆ ದಿನ ಜಗಳವಾಡಲಿಲ್ಲ, ಹೇಳಿದಷ್ಟು ಕೊಟ್ಟು ಬಂದರು. ಸ್ಟೂಲು ಹತ್ತಿ ಬಾಣಲೆ ಇಳಿಸಿಕೊಟ್ಟವಳು ನಾನು. ತುಕ್ಕು ಹಿಡಿದಿತ್ತು, ಇಬ್ಬರೂ ಕೂತು ತಿಕ್ಕಿದೆವು. ಎಣ್ಣೆ ಕಾಯಿತು, ಮೀನಿನ ತುಂಡು ಚರ್ ಎಂದಿತು. ಪುಟ್ಟಿ ಕುಣಿದಳು. ಅತ್ತೆಯ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಒಂದು ಕಳೆ ಕಂಡೆ.

ಆಗ ಮುಂದಿನ ಕೋಣೆಯಲ್ಲಿ ಕೆಮ್ಮು ಶುರುವಾಯಿತು.

ನಿಲ್ಲಲೇ ಇಲ್ಲ. ಓಡಿ ಹೋಗಿ ನೋಡಿದರೆ ಮಾವ ಮಂಚದ ಅಂಚು ಹಿಡಿದು ಬಗ್ಗಿದ್ದರು. ತುಟಿ ಕಪ್ಪಗಾಗಿತ್ತು. ಎಣ್ಣೆಯ ಘಾಟು ತೆಳ್ಳಗೆ ಆ ಕೋಣೆಗೂ ಬಂದಿತ್ತು, ನಮಗೆ ವಾಸನೆಯೆಂದೂ ಅನ್ನಿಸದಷ್ಟು. ನಾನು ಕಿಟಕಿ ತೆರೆದೆ. ಅತ್ತೆ ಒಲೆ ಆರಿಸಿ, ಸಟ್ಟುಗ ಕೈಯಲ್ಲಿದ್ದಂತೆಯೇ ಬಂದು ಅವರ ಬೆನ್ನು ನೀವಿದರು. ಕಾಲು ಗಂಟೆ ಬೇಕಾಯಿತು.

"ಈಗ ನಿಜಾನೇ ಆಯ್ತಲ್ಲ" ಎಂದರು ಅತ್ತೆ.

ಮಾವ ತಲೆ ಅಲ್ಲಾಡಿಸಿದರು. "ಮೀನಲ್ಲ. ಇದು... ಮಿಲ್ಲಿನ ಕೆಮ್ಮು. ನಿನ್ನ ಮೀನಲ್ಲ."

ಅವರು ಹೇಳಿದ್ದು ಸುಳ್ಳೆಂದು ಅಲ್ಲಿದ್ದ ನಮಗೆಲ್ಲ ಗೊತ್ತಿತ್ತು. ಅತ್ತೆ ಅಡುಗೆಮನೆಗೆ ಹೋಗಿ ಬಾಣಲೆಯ ಮೇಲೆ ತಟ್ಟೆ ಮುಚ್ಚಿದರು. ಅರ್ಧ ಬೆಂದ ತುಂಡು ಅದರಲ್ಲೇ ಇತ್ತು.

ಮುಂದಿನ ಭಾನುವಾರ ಅವರು ಯಾರಿಗೂ ಹೇಳದೆ ಸೀಮೆಎಣ್ಣೆ ಸ್ಟೌ ಎತ್ತಿಕೊಂಡು ಬೀದಿಯ ಕೊನೆಗೆ, ನಲ್ಲಿಯ ಕಟ್ಟೆಯ ಹಿಂದೆ ಹೋದರು. ನಾನು ಬಾಣಲೆ, ಮೀನು ಹಿಡಿದು ಹಿಂದೆ ಹೋದೆ. ಅಲ್ಲೇ ಕುಕ್ಕರಗಾಲಲ್ಲಿ ಕೂತು ಹುರಿದರು. ಬಂದುಹೋಗುವವರು ನೋಡುತ್ತಿದ್ದರು, ನೋಡಲಿ ಎಂದರು. ಮೈಗೆ ಹತ್ತಿದ ವಾಸನೆ ಹೋಗಲೆಂದು ನಲ್ಲಿಯಲ್ಲಿ ಕೈ ಮುಖ ತೊಳೆದುಕೊಂಡರು. ತಟ್ಟೆ ಮುಚ್ಚಿಕೊಂಡು ನಡೆದು ಮನೆ ಸೇರುವ ಹೊತ್ತಿಗೆ ಮೀನು ತಣ್ಣಗಾಗಿ, ಎಣ್ಣೆ ತಟ್ಟೆಗೆ ಅಂಟಿಕೊಂಡಿತ್ತು.

ಐವರೂ ಕೂತೆವು. ಪುಟ್ಟಿ ಅಭ್ಯಾಸದಂತೆ ಬಾಯಿ ತೆರೆದಳು. ಮಾವ ನಿಧಾನವಾಗಿ ಮೊದಲ ತುಂಡಿನ ಮುಳ್ಳು ಬಿಡಿಸಿದರು. ಅತ್ತೆ ಬಾಗಿಲ ಹತ್ತಿರ ಕೂತು ನೋಡುತ್ತಿದ್ದರು.

"ಆರಿಹೋಯ್ತೇನೋ" ಎಂದರು.

"ಇಲ್ಲ ಕಣೇ. ಬಿಸಿ ಬಿಸಿ... ಇದೆ" ಎಂದರು ಮಾವ. ತೋರಿಸಲೆಂದು ತುಂಡನ್ನು ತುಟಿಯ ಹತ್ತಿರ ತಂದು ಊದಲು ನೋಡಿದರು. ತುಟಿ ದುಂಡಗಾಯಿತು, ಗಾಳಿ ಬರಲಿಲ್ಲ. ಇನ್ನೊಮ್ಮೆ ನೋಡಿದರು. ಕೈ ಹಾಗೇ ನಿಂತಿತು.

ಪುಟ್ಟಿ ಬಾಯಿ ಮುಚ್ಚಿದಳು. ಮಂಡಿಯೂರಿ ಮುಂದೆ ಬಂದು, ತಾತನ ಕೈ ಹಿಡಿದು, ಆ ತಣ್ಣಗಿನ ಮೀನಿಗೆ ಉಫ್ ಉಫ್ ಎಂದು ಊದಿದಳು. "ಈಗ ನೀನು ತಿನ್ನು ತಾತ" ಎಂದಳು.

ಅವರು ತಿಂದರು. ನಮ್ಮವರು ಎದ್ದು ಹೊರಗೆ ಹೋದರು.

"ನಿಧಾನ" ಎಂದರು ಅತ್ತೆ. "ಮುಳ್ಳಿರತ್ತೆ."